ಹೊಸ ಪದ್ಯವ ಫೋನೇ ಹುಡ್ಕಿ ಕೊಡಲಿ ಹೇಳಿ ಕೂದರೆ ಆಗ

ಹೊಸ ಪದ್ಯ ಕೇಳುದು ಪ್ರಾಯದ ಮಕ್ಕಳ ಕೆಲಸ, ಐವತ್ತು ಕಳುದ ಹೆಮ್ಮಕ್ಕೊಗೆ ಹಳತ್ತೇ ಸಾಕು ಹೇಳಿ ನಮ್ಮಲ್ಲಿ ಒಂದು ಮಾತಿದ್ದು. ಆನು ಇದರ ಒಪ್ಪುತ್ತಿಲ್ಲೆ. ಆರಾದರೂ ಹೊಸ ನಮೂನೆಯ ತಂಬುಳಿ ಹೇಳಿಕೊಟ್ಟರೆ ನಾವು ಮರದಿನವೇ ಮಾಡಿ ನೋಡ್ತು. ರುಚಿ ಆದರೆ ಅತ್ತಿಗೆಗೆ, ನೆರೆಕರೆಯವಕ್ಕೆ ಹೇಳ್ತು. ಹಾಂಗಿಪ್ಪಗ ಕೆಮಿಗೆ ಮಾಂತ್ರ ಎಂತಕೆ ಮೂವತ್ತು ವರ್ಷ ಹಿಂದಾಣದ್ದನ್ನೇ ಬಳುಸುದು?

ಮಗಳು ಮೆಲ್ಬೋರ್ನಿಲ್ಲಿಪ್ಪದು ನಿಂಗೊಗೆ ಗೊಂತಿದ್ದು. ಪುಳ್ಳಿಯ ನೋಡಿಗೊಂಬಲೆ ಹೇಳಿ ಎರಡು ಸರ್ತಿ ಹೋಗಿ, ತಿಂಗಳುಗಟ್ಟಲೆ ಇದ್ದು ಬೈಂದೆ. ಮಗಳು, ಅಳಿಯ ಕೆಲಸಕ್ಕೆ ಹೋಗಿ, ಬಾಬೆ ಒರಗಿದ ಮತ್ತೆ ಅಡಿಗೆ ಒಳ ಎನಗೆ ಜತೆ ಇದ್ದದು ಒಂದು ಸಣ್ಣ ರೇಡಿಯೊ. ಕೇಳಿ ಕೇಳಿ ಆ ಊರಿನ ಹೊಸ ಬ್ಯಾಂಡುಗಳ ಪದ್ಯ ರುಚಿ ಹಿಡುದತ್ತು. ಬ್ಯಾಂಡು ಹೇಳಿರೆ ದಿಬ್ಬಣದ ಎದುರು ಬಪ್ಪ ಬ್ಯಾಂಡ್‌ಸೆಟ್ಟು ಅಲ್ಲ. ಮೂರು ನಾಲ್ಕು ಚೆಂಙಾಯಿಗೊ ಗಿಟಾರು, ಡ್ರಮ್ಮು ಹಿಡ್ಕೊಂಡು ತಾವೇ ಪದ ಕಟ್ಟಿ ತಾವೇ ಹಾಡ್ತ ಮೇಳ. ಅದರಲ್ಲಿ ‘ಇಂಡಿಪೆಂಡೆಂಟ್’ ಹೇಳಿರೆ ಬೆನ್ನ ಹಿಂದೆ ದೊಡ್ಡ ಕಂಪೆನಿ ಇಲ್ಲೆ. ನಾವು ಹಲಸಿನಕಾಯಿ ಹಪ್ಪಳವ ಮನೆಲಿ ಒತ್ತಿ, ಒಣಗುಸಿ, ಕಟ್ಟ ಕಟ್ಟಿ, ಗುರ್ತದವಕ್ಕೆ ನಾವೇ ಮಾರಿದ ಹಾಂಗೆ. ಲಾಭ ಆದರೂ ಅವಕ್ಕೇ, ಮಳೆ ಬಂದು ಹಪ್ಪಳ ಬೂಸರು ಹಿಡುದರೂ ಅವಕ್ಕೇ.

ಎನ್ನ ಅಳಿಯ ಹೇಳುದು, "ಅತ್ತೆ, ರೇಡಿಯೊ ಎಂತಕೆ? ಫೋನಿನ ಆ್ಯಪು ನಿಂಗೊಗೆ ಬೇಕಾದ ಪದ್ಯವ ಅದುವೇ ಹುಡ್ಕಿ ಕೊಡ್ತು" ಹೇಳಿ. ಕೊಡ್ತು, ಅಪ್ಪು. ಆದರೆ ಎಂತರ ಕೊಡ್ತು? ನಿನ್ನೆ ಕೇಳಿದ್ದರ ಹಾಂಗೇ ಇಪ್ಪದರ ಇಂದು ಕೊಡ್ತು. ಲಕ್ಷ ಜೆನ ಕೇಳಿದ್ದರ ಇನ್ನೊಂದು ಲಕ್ಷ ಜೆನಕ್ಕೆ ದಾಂಟುಸುತ್ತು. ಕಳುದ ತಿಂಗಳು ಶುರುವಾದ ಬ್ಯಾಂಡಿನ ಆರೂ ಕೇಳಿದ್ದವಿಲ್ಲೆ, ಹಾಂಗಾಗಿ ಅದು ನಮ್ಮ ಎದುರು ಬತ್ತಿಲ್ಲೆ. ಎದುರು ಬಾರದ್ದ ಕಾರಣ ಆರೂ ಕೇಳ್ತವಿಲ್ಲೆ. ಬಾಗಿಲು ಹಾಕಿದ ಮನೆಗೆ ನೆಂಟ್ರು ಬತ್ತವಿಲ್ಲೆ ಹೇಳಿ ಬೇಜಾರು ಮಾಡಿದ ಹಾಂಗೆ ಆತು.

ಆಸ್ಟ್ರೇಲಿಯಕ್ಕೆ ಇದರ ಪೆಟ್ಟು ರಜ ಜೋರೇ ಬಿದ್ದಿದು. ಅಲ್ಯಾಣವು ಮಾತಾಡುದು ಇಂಗ್ಲಿಷ್. ಅಮೇರಿಕ, ಇಂಗ್ಲೆಂಡಿನ ಪದ್ಯಂಗೊಕ್ಕೆ ಒಳ ಬಪ್ಪಲೆ ಒಂದು ದಣಪ್ಪೆಯೂ ಅಡ್ಡ ಇಲ್ಲೆ. ಖಾಸಗಿ ರೇಡಿಯೊಗೊ ಉದಿಯಪ್ಪಗಂದ ನಡುಇರುಳ ವರೆಗೆ ಇಷ್ಟು ಪಾಲು ಆಸ್ಟ್ರೇಲಿಯದ ಪದ್ಯ ಹಾಕೆಕ್ಕು ಹೇಳಿ ಕಟ್ಟಳೆ ಇದ್ದು. ಕೆಲವು ನಮೂನೆಯ ಸ್ಟೇಶನುಗೊಕ್ಕೆ ಅದು 100ರಲ್ಲಿ 25. ಫೋನಿನ ಆ್ಯಪಿಂಗೆ ಹಾಂಗಿಪ್ಪ ಕಟ್ಟಳೆ ಇತ್ತಿದ್ದಿಲ್ಲೆ. ಸರಕಾರಿ ರೇಡಿಯೊ ಎಬಿಸಿಯವರ ಟ್ರಿಪಲ್ ಜೆ ಹೇಳ್ತ ಸ್ಟೇಶನು ಪ್ರತಿ ವರ್ಷ ಜನವರಿಲಿ ಕೇಳುವವರ ವೋಟು ತೆಕ್ಕೊಂಡು ವರ್ಷದ ನೂರು ಪದ್ಯದ ಪಟ್ಟಿ ಮಾಡ್ತು. ಅದು ಅಲ್ಲಿ ಒಂದು ಹಬ್ಬದ ಹಾಂಗೆ. 2024ರ ಪಟ್ಟಿಲಿ ಆಸ್ಟ್ರೇಲಿಯದವರ ಪದ್ಯ ಇದ್ದದು 29 ಮಾಂತ್ರ. ಅವರ ಊರಿನ ಹಬ್ಬಲ್ಲಿ ಅವರ ಮನೆಯ ಅಡಿಗೆ ಮೂರನೇ ಒಂದು ಪಾಲುದೆ ಇಲ್ಲೆ!

ಹಾಂಗಾರೆ ಹೊಸಬ್ಬರ ಹುಡ್ಕುದು ಹೇಂಗೆ? ಎನ್ನ ಅಭಿಪ್ರಾಯ ಇಷ್ಟೇ: ಮಿಷನಿಂದ ಮೊದಲು ಮನುಷ್ಯರ ನಂಬೆಕ್ಕು. ಆ ದೇಶಲ್ಲಿ ಅದಕ್ಕೆ ದಾರಿ ಇದ್ದು.

ಒಂದು, ಟ್ರಿಪಲ್ ಜೆಯವರದ್ದೇ ‘ಅನ್‌ಅರ್ಥ್ಡ್’. ಮಣ್ಣಿನ ಅಡಿಂದ ಅಗದು ತೆಗದ್ದು ಹೇಳಿ ಅರ್ಥ. 1995ರಲ್ಲಿ ಇದು ಸ್ಪರ್ಧೆಯ ಹಾಂಗೆ ಶುರುವಾತು. 2006ರ ಮತ್ತೆ ಇಂಟರ್ನೆಟ್ಟಿಂಗೆ ಬಂತು. ಯಾವ ಮೂಲೆಯ ಮಕ್ಕೊ ಆದರೂ ಪದ್ಯ ರೆಕಾರ್ಡು ಮಾಡಿ ಅಲ್ಲಿ ಹಾಕುಲಕ್ಕು, ನಾವು ಪೈಸೆ ಕೊಡದ್ದೆ ಕೇಳ್ಲಕ್ಕು. ರೇಡಿಯೊದವು ಅದರಂದ ಹೆರ್ಕಿ ದೇಶಕ್ಕಿಡೀ ಕೇಳುಸುತ್ತವು. 2001ರಲ್ಲಿ ಇಲ್ಲಿ ಗೆದ್ದದು ಮಿಸ್ಸಿ ಹಿಗಿನ್ಸ್ ಹೇಳ್ತ ಶಾಲೆಗೆ ಹೋಪ ಕೂಸು. ಶಾಲೆಯ ಸಂಗೀತದ ಪಾಠಕ್ಕೆ ಹೇಳಿ ಬರದ ಪದ್ಯ ಅದು. ಸ್ಪರ್ಧೆಗೆ ಕಳುಸಿದ್ದು ಅದರ ಅಕ್ಕ! 2004ರಲ್ಲಿ ಬಂದ ಆ ಕೂಸಿನ ಮೊದಲಾಣ ಆಲ್ಬಮ್ಮು ದೇಶಲ್ಲೇ ಒಂದನೇ ಸ್ಥಾನಕ್ಕೆ ಹೋತು. ಮನೆಲಿ ಒಬ್ಬ ಅಕ್ಕ "ಇದು ಲಾಯ್ಕ ಇದ್ದು" ಹೇಳಿ ನಾಲ್ಕು ಜೆನಕ್ಕೆ ಕೇಳುಸಿರೆ ಎಂತ ಅಪ್ಪಲೆ ಎಡಿಗು ನೋಡಿ.

ಇನ್ನೊಂದು ದಾರಿ, ಊರಿನವೇ ನೆಡೆಶುವ ಸಮುದಾಯ ರೇಡಿಯೊ. ಮೆಲ್ಬೋರ್ನಿಲ್ಲಿ ಟ್ರಿಪಲ್ ಆರ್, ಪಿಬಿಎಸ್ ಹೇಳಿ ಎರಡು ಇದ್ದು. ಎರಡುದೆ 1970ರ ದಶಕಂದ ಇಪ್ಪದು. ಬ್ರಿಸ್ಬೇನಿಲ್ಲಿ ಫೋರ್ ಟ್ರಿಪಲ್ ಝಡ್ 1975ರಂದ, ಸಿಡ್ನಿಲಿ ಎಫ್‌ಬಿಐ ರೇಡಿಯೊ 2003ರಂದ ಇದ್ದು. ಎಫ್‌ಬಿಐಯವು ಹಾಕುದರಲ್ಲಿ ಅರ್ಧ ಆಸ್ಟ್ರೇಲಿಯದ್ದು, ಆ ಅರ್ಧಲ್ಲಿ ಅರ್ಧ ಸಿಡ್ನಿಯವರದ್ದೇ ಆಯೆಕ್ಕು ಹೇಳಿ ನಿಯಮ ಮಾಡಿಗೊಂಡಿದವು. ಟ್ರಿಪಲ್ ಆರ್‌ಲಿ ಕಾರ್ಯಕ್ರಮ ಕೊಡ್ತವು ಹೆಚ್ಚಿನವು ಸಂಬಳ ಇಲ್ಲದ್ದೆ ಮಾಡುದು. ಯಾವ ಪದ್ಯ ಹಾಕೆಕ್ಕು ಹೇಳಿ ಅವಕ್ಕೆ ಮೇಗಂದ ಆರೂ ಹೇಳ್ತವಿಲ್ಲೆ. ಖರ್ಚಿಂಗೆ ಕೇಳುವವೇ ವರ್ಷಕ್ಕೊಂದರಿ ಚಂದಾ ಕೊಡ್ತವು. ಊರ ದೇವಸ್ಥಾನದ ಸಮಾರಾಧನೆಗೆ ಮನೆಮನೆಂದ ಅಕ್ಕಿ, ಕಾಯಿ ಬಂದ ಹಾಂಗೆ. ಒಬ್ಬ ಮನುಷ್ಯ ಮನಸ್ಸು ಕೊಟ್ಟು ಹೆರ್ಕಿದ ಪದ್ಯಂಗಳ ಸಾಲಿಂಗೂ, ಲೆಕ್ಕ ಹಾಕಿ ಮಿಷನು ಜೋಡುಸಿದ್ದಕ್ಕೂ ಇಪ್ಪ ವ್ಯತ್ಯಾಸ ಒಂದು ವಾರ ಕೇಳಿರೆ ಗೊಂತಾವುತ್ತು. ಆ ಮನುಷ್ಯ ಒಂದು ಗದ್ದಲದ ಪದ್ಯದ ಬೆನ್ನಿಂಗೆ ಒಂದು ತಣ್ಣಂಗೆ ಇಪ್ಪದರ ಮಡುಗುಗು, ಎಂತಕೆ ಮಡುಗಿದೆ ಹೇಳಿಯೂ ಹೇಳುಗು.

"ನವಗೆ ಅವರ ಇಂಗ್ಲಿಷೇ ಅರ್ಥ ಆಗ, ಮತ್ತೆ ಎಂತರ ಕೇಳುದು?" ಹೇಳಿ ಚಿಕ್ಕಮ್ಮ ಕೇಳಿದವು. ಎನ್ನ ಇಂಗ್ಲಿಷ್ ಪಿಯುಸಿದು. ಅದರಲ್ಲೇ ಅರ್ಥ ಅಪ್ಪ ಪದ್ಯಂಗೊ ಬೇಕಾದಷ್ಟಿದ್ದು. ಮೆಲ್ಬೋರ್ನಿನ ಕೋರ್ಟ್ನಿ ಬಾರ್ನೆಟ್ ಹೇಳ್ತ ಹೆಮ್ಮಕ್ಕೊ ಮೊದಲು ಬಾರಿಲ್ಲಿ ಕೆಲಸ ಮಾಡಿಗೊಂಡು, 2012ರಲ್ಲಿ ಸ್ವಂತ ‘ಮಿಲ್ಕ್ ರೆಕಾರ್ಡ್ಸ್’ ಶುರು ಮಾಡಿತ್ತು. ಅದರ 2015ರ ಆಲ್ಬಮ್ಮಿಲ್ಲಿ ‘ಡಿಪ್ರೆಸ್ಟನ್’ ಹೇಳಿ ಒಂದು ಪದ್ಯ ಇದ್ದು. ಪೇಟೆಲಿ ಕ್ರಯ ಜಾಸ್ತಿ ಹೇಳಿ ಗೆಂಡ ಹೆಂಡತಿಯ ಹಾಂಗಿಪ್ಪ ಇಬ್ರು ದೂರದ ಪ್ರೆಸ್ಟನ್ ಹೇಳ್ತಲ್ಲಿಗೆ ಮನೆ ನೋಡ್ಲೆ ಹೋವುತ್ತವು. ಆ ಮನೆಲಿದ್ದವು ತೀರಿಹೋಯಿದವು. ಮೀವಲ್ಲಿ ಹಿಡ್ಕೊಂಬಲೆ ಹಾಕಿದ ಸರಳು, ಅಡಿಗೆ ಒಳ ಚಾಯಪುಡಿ, ಕಾಫಿಪುಡಿ, ಹೊಡಿ ತುಂಬುಸಿ ಮಡುಗುವ ಡಬ್ಬಿಗೊ ಹಾಂಗೇ ಇದ್ದು. ಅದರ ನೋಡಿದ ಮತ್ತೆ ಮನೆಯ ನೆಲ, ಕೋಣೆಯ ದಿಕ್ಕು ಹೇಳ್ತ ಆಲೋಚನೆ ತಲಗೆ ಬತ್ತಿಲ್ಲೆ. ಅತ್ತೆ ಹೋದ ಮತ್ತೆ ಅವರ ಉಪ್ಪಿನಕಾಯಿ ಭರಣಿಯ ತೊಳವಲೆ ಕೈ ಬಾರದ್ದೆ ನಿಂದ ಆರಿಂಗೂ ಈ ಪದ್ಯವ ಬಿಡುಸಿ ಹೇಳೆಕ್ಕು ಹೇಳಿ ಇಲ್ಲೆ.

ಭಾಷೆಯ ವಿಚಾರಲ್ಲಿ ಎನ್ನ ಮನಸ್ಸಿಂಗೆ ತಟ್ಟಿದ ಇನ್ನೊಂದು ಸಂಗತಿ ಇದ್ದು. ಬಿಳಿಯರು ಬಪ್ಪ ಮೊದಲು ಆಸ್ಟ್ರೇಲಿಯಲ್ಲಿ 250ಕ್ಕಿಂತ ಹೆಚ್ಚು ಭಾಷೆಗೊ ಇತ್ತಿದ್ದವು. ಮೂಲನಿವಾಸಿಗಳ ಮಕ್ಕೊ ಮನೆಮಾತು ಆಡದ್ದ ಹಾಂಗೆ ಮಾಡಿ, ಅದರಲ್ಲಿ ಸುಮಾರು ಭಾಷೆಗೊ ಮುಗುದೇ ಹೋದವು. ಈಗ ಉತ್ತರದ ಆರ್ನೆಮ್ ಲ್ಯಾಂಡಿನ ಬೇಕರ್ ಬಾಯ್ ಹೇಳ್ತ ಮಾಣಿ ಅವನ ಯೊಲ್ಙು ಮಾತಿಲ್ಲೇ ರ‍್ಯಾಪ್ ಹಾಡ್ತ. 2019ರಲ್ಲಿ ಅವಂಗೆ ದೇಶದ ‘ಯುವ ಆಸ್ಟ್ರೇಲಿಯನ್’ ಹೇಳ್ತ ಮರ್ಯಾದೆ ಸಿಕ್ಕಿತ್ತು. ಅದೇ ಹೊಡೆಯ ಯಿರ್ಕಲ ಊರಿನ ಕಿಂಗ್ ಸ್ಟಿಂಗ್‌ರೇ ಹೇಳ್ತ ಬ್ಯಾಂಡು 2022ರಲ್ಲಿ ಮೊದಲಾಣ ಆಲ್ಬಮ್ಮು ತಂದತ್ತು. 1991ರಲ್ಲಿ ‘ಟ್ರೀಟಿ’ ಪದ್ಯಂದ ಹೆಸರು ಮಾಡಿದ ಯೋಥು ಯಿಂಡಿ ಮೇಳದವರ ಮಗ, ಸೋದರಳಿಯ ಎಲ್ಲ ಅದರಲ್ಲಿದ್ದವು. ಅಪ್ಪಂದ್ರ ಕಾಲದ ಮಾತು, ಮಕ್ಕಳ ಗಿಟಾರು. ಶಬ್ದ ಒಂದೂ ಗೊಂತಿಲ್ಲದ್ದೆ ಆ ಊರಿನ ಪ್ರಾಯದವು ಅವರೊಟ್ಟಿಂಗೆ ಹಾಡ್ತವು. ಮನೆಮಾತಿಲ್ಲಿ ಬರವಲೆ ನಾಚಿಕೆ ಪಡ್ತ ನಮ್ಮ ಮಕ್ಕೊಗೆ ಆನು ಇದರನ್ನೇ ತೋರುಸುದು. ಹವಿಗನ್ನಡಲ್ಲಿ ಮಾತಾಡಿರೆ ಕ್ಲಾಸಿಲ್ಲಿ ನೆಗೆಮಾಡ್ತವು ಹೇಳಿ ಒಂದು ಕೂಸು ಎನ್ನ ಹತ್ತರೆ ಹೇಳಿತ್ತು. ಅದಕ್ಕೆ ಬೇಕರ್ ಬಾಯ್‌ಯ ಕೇಳುಸಿದೆ. ಎರಡನೇ ಸರ್ತಿ ಅದುವೇ ಹಾಕಿ ಕೇಳಿತ್ತು.

ಎಲ್ಲವೂ ಲಾಯ್ಕ ಇದ್ದು ಹೇಳಿ ಆನು ಹೇಳ್ತಿಲ್ಲೆ. ಹತ್ತರಲ್ಲಿ ಆರು ಎನಗೆ ಹಿಡಿಶಿದ್ದಿಲ್ಲೆ. ಕೆಲವು ಬರೀ ಬೊಬ್ಬೆ, ಕೆಲವರಲ್ಲಿ ಮಕ್ಕಳ ಎದುರು ಕೇಳ್ಲೆಡಿಯದ್ದ ಬೈಗಳು. ಅದರ ಬದಿಗೆ ಮಡುಗಿರೆ ಮುಗುತ್ತು. ಬೆಂಡೆಕಾಯಿ ತೆಗವಗಳೂ ನಾವು ಮುರುದು ನೋಡಿಯೇ ತೆಗವದಲ್ಲದೊ? ಆದರೆ ಒಂದು ಕಟ್ಟಳೆ ಆನು ಮಡುಗಿದ್ದೆ. ಒಂದು ಪದ್ಯವ ಬೇಡ ಹೇಳೆಕ್ಕಾದರೆ ಮೂರು ಸರ್ತಿ ಕೇಳಿ ಆಗಿರೆಕ್ಕು. ಹಾಗಲಕಾಯಿದುದೆ ಮೊದಲಾಣ ತುತ್ತಿಂಗೆ ರುಚಿ ಗೊಂತಾಗ.

ಇನ್ನು ಪೈಸೆಯ ವಿಷಯ. ಸಣ್ಣ ಬ್ಯಾಂಡಿನ ಬರೀ ಕೇಳಿ ಹೊಗಳಿರೆ ಅವರ ಹೊಟ್ಟೆ ತುಂಬ. ಕೋರ್ಟ್ನಿಯ ಮಿಲ್ಕ್ ರೆಕಾರ್ಡ್ಸ್ ಅಷ್ಟು ಹೆಸರು ಮಾಡಿದ ಮತ್ತೆಯೂ 2023ರಲ್ಲಿ ಬಾಗಿಲು ಹಾಕಿತ್ತು. ಅದೇ ವರ್ಷ ಮೆಲ್ಬೋರ್ನಿನ ಕಾಲಿಂಗ್‌ವುಡ್ಡಿಲ್ಲಿಪ್ಪ ಟೋಟ್ ಹೋಟೆಲು ಮಾರಾಟಕ್ಕೆ ಬಂದಿಪ್ಪಗ, ಊರಿನವು ಸೇರಿ ಮೂವತ್ತು ಲಕ್ಷ ಡಾಲರು ಒಟ್ಟುಮಾಡಿ ಕೊಟ್ಟವು. ಹೊಸಬ್ಬರು ಹಾಡುವ ಜಾಗೆ ಅದು, ಅದರ ಒಳುಶೆಕ್ಕು ಹೇಳ್ತ ಹಟ ಅವಕ್ಕೆ. ಎರಡನ್ನೂ ಒಟ್ಟಿಂಗೆ ನೋಡಿರೆ ಎನಗೆ ಕಾಂಬದು, ಕೇಳುವವು ಕೈ ಹಾಕಿದಲ್ಲಿ ಮಾಂತ್ರ ಇದು ಒಳಿತ್ತು. ಬ್ಯಾಂಡ್‌ಕ್ಯಾಂಪ್ ಹೇಳ್ತಲ್ಲಿ ಪದ್ಯವ ಕ್ರಯ ಕೊಟ್ಟು ತೆಕ್ಕೊಂಬಲಾವುತ್ತು. ಡಿಜಿಟಲ್ ಪದ್ಯದ ಕ್ರಯಲ್ಲಿ ಅವು ಹಿಡ್ಕೊಂಬದು 100ರಲ್ಲಿ 10ರಿಂದ 15. ಪೈಸೆ ದಾಂಟುಸುವ ಖರ್ಚು ಕಳುದು ಒಳುದ್ದು ಹಾಡುವವಕ್ಕೆ ಹೋವುತ್ತು. ಮಕ್ಕೊ ಅಲ್ಲಿಪ್ಪವು ನಿಂಗಳ ಹುಟ್ಟಿದ ದಿನಕ್ಕೆ ಎಂತ ಬೇಕು ಹೇಳಿ ಕೇಳಿರೆ, ಇನ್ನೊಂದು ಸ್ವೆಟರು ಬೇಡ, ಒಂದು ಹೊಸ ಬ್ಯಾಂಡಿನ ಆಲ್ಬಮ್ಮು ಸಾಕು ಹೇಳಿ.

ಅಲ್ಲಿಗೆ ಹೋಪವು ವಿಮಾನ ಇಳುದ ವಾರವೇ ಮಗಳ ಹತ್ತರೆ ಟ್ರಿಪಲ್ ಆರ್ ಎಲ್ಲಿ ಸಿಕ್ಕುತ್ತು ಹೇಳಿ ಕೇಳಿಗೊಳ್ಳಿ. 102.7ರಲ್ಲಿ ಇದ್ದು. ಊರಿಲ್ಲಿಪ್ಪವುದೆ ಇಂಟರ್ನೆಟ್ಟಿಲ್ಲಿ ಕೇಳ್ಲಕ್ಕು, ಹೊತ್ತಿನ ವ್ಯತ್ಯಾಸ ಮಾಂತ್ರ ನೆಂಪು ಮಡಿಕ್ಕೊಳ್ಳಿ. ನಮ್ಮ ಉದಿಯಪ್ಪಗಾಣ ದೋಸೆ ಹೊತ್ತಿಂಗೆ ಅವರದ್ದು ಮಧ್ಯಾಹ್ನ. ಈ ವಾರ ಹೆಸರು ಕೇಳದ್ದ ಒಂದು ಬ್ಯಾಂಡಿನ ಒಂದು ಪದ್ಯವ ಮೂರು ಸರ್ತಿ ಕೇಳಿ. ಹಿಡಿಶಿರೆ ಹೆಸರು ಬರದು ಎನಗೆ ಕಳುಸಿ. ಹಿಡಿಶದ್ದರೆ ಎಂತಕೆ ಹೇಳಿ ಬರೆಯಿ. ಚಿಕ್ಕಮ್ಮನ ಉತ್ತರವ ಆನು ಮೊದಲು ಓದುವೆ.