ಮೂರ್ಛೆರೋಗದ ಮಗುವೂ ಅದರ ರಾತ್ರಿಯ ಪರಿಸರವೂ

ಮೂರ್ಛೆರೋಗವುಳ್ಳ ಮಗುವೊಂದು ರಾತ್ರಿ ಎಂದಿನಂತೆ ಉಂಡು ಮಲಗಿ, ಬೆಳಗಾಗುವುದರೊಳಗೆ ಅಸುನೀಗಿರುವುದುಂಟು. ಮೈಮೇಲೆ ಪೆಟ್ಟಿಲ್ಲ, ಮರಣೋತ್ತರ ಪರೀಕ್ಷೆ ನಡೆಸಿದರೂ ಬೇರೆ ಕಾರಣ ಕಾಣುವುದಿಲ್ಲ. ಇಂಥದನ್ನು ವೈದ್ಯರು ಮೂರ್ಛೆರೋಗದಲ್ಲಿನ ಅನಿರೀಕ್ಷಿತ ಹಠಾತ್ ಮರಣವೆಂದು ಕರೆಯುತ್ತಾರೆ. ಇದು ವಿರಳವೇ ಸರಿ. ಅಮೆರಿಕದ ನರವೈದ್ಯರು 2017ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಈ ರೋಗವುಳ್ಳ 4,500 ಮಕ್ಕಳಲ್ಲಿ ವರ್ಷಕ್ಕೊಂದು ಮಗು ಹೀಗೆ ಸಾಯುತ್ತದೆ. ವಯಸ್ಕರಲ್ಲಿ 1,000ಕ್ಕೆ ಒಬ್ಬರು. ಮಕ್ಕಳ ಪ್ರಮಾಣವೂ ವಯಸ್ಕರದಕ್ಕೆ ಸಮೀಪವೆಂದು ಬೇರೆ ಕೆಲವು ಅಧ್ಯಯನಗಳು ತೋರಿಸಿವೆ. ವಿರಳವೆಂಬ ಮಾತ್ರಕ್ಕೆ ಉಪೇಕ್ಷಿಸತಕ್ಕ ವಿಷಯ ಇದಲ್ಲ.

ಈ ಸಾವಿಗೆ ಪರಿಸರವೂ ಕಾರಣವೆ? ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುತ್ತದೆ. ಅಲ್ಲಿಯವರಿಗೆ ಬಿಸಿಲಿನ ಮೇಲೆಯೇ ಶಂಕೆ ಬರುವುದು ಸಹಜ. ಉಷ್ಣತೆಗೂ ಮೂರ್ಛೆಗೂ ಸಂಬಂಧವೇ ಇಲ್ಲವೆಂದಲ್ಲ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಪಿ. ಸತೀಶ್ಚಂದ್ರ ಮೊದಲಾದವರು ಅದನ್ನು ವಿಶದವಾಗಿ ಅಭ್ಯಸಿಸಿದ್ದಾರೆ. ಆದರೆ ಮೂರ್ಛೆಯನ್ನು ಕೆರಳಿಸುವುದು ಒಂದು, ಪ್ರಾಣವನ್ನು ತೆಗೆಯುವುದು ಇನ್ನೊಂದು. ಈ ಎರಡನೆಯದಕ್ಕೆ ಬಿಸಿಲಿಗಿಂತ ಬಹು ಸಮೀಪದ ಪರಿಸರವೊಂದುಂಟು. ಅದು ಮಗುವಿನ ಹಾಸಿಗೆ ಎಂಬುದೇ ನಮ್ಮ ಅಭಿಪ್ರಾಯ.

ಇದಕ್ಕೆ ಆಧಾರವಿಲ್ಲದಿಲ್ಲ. ಆಸ್ಪತ್ರೆಗಳಲ್ಲಿ ಯಂತ್ರಗಳ ನಿಗಾದಲ್ಲಿದ್ದಾಗಲೇ ಸಂಭವಿಸಿದ ಇಂಥ 16 ಮರಣಗಳನ್ನು ಫಿಲಿಪ್ ರಿವ್ಲಿನ್ ಮತ್ತವರ ಸಂಗಡಿಗರು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಬಹುಪಾಲು ಮರಣಗಳು ಸಂಭವಿಸಿದ್ದು ರಾತ್ರಿ. ರೋಗಿಗಳಲ್ಲಿ ಹೆಚ್ಚಿನವರು ಬೋರಲಾಗಿದ್ದರು. ಭಾರಿ ಸೆಳೆತ ಮುಗಿದ ಮೇಲೆ ಮೊದಲು ನಿಂತುದು ಉಸಿರು. ಹೃದಯ ನಿಂತುದು ಅನಂತರ. ಭೌತಶಾಸ್ತ್ರದ ದೃಷ್ಟಿಯಿಂದ ಇದು ಸುಲಭವಾಗಿ ತಿಳಿಯುವ ಸಂಗತಿ. ಮುಖವು ದಿಂಬಿನಲ್ಲಿ ಹುದುಗಿದಾಗ ವಾಯುವಿನ ಸಂಚಾರ ಕುಂದುತ್ತದೆ. ಹೊರಬಿಟ್ಟ ಇಂಗಾಲದ ಡೈಆಕ್ಸೈಡು ಬಾಯಿಯ ಬಳಿಯೇ ಉಳಿದು ಮರಳಿ ಒಳಗೆ ಹೋಗುತ್ತದೆ. ಆರೋಗ್ಯವಂತ ಮಗು ಉಸಿರು ಕಟ್ಟಿದೊಡನೆ ಎಚ್ಚತ್ತು ಹೊರಳುತ್ತದೆ. ಸೆಳೆತದಿಂದ ಬಳಲಿದ ಮಿದುಳಿಗೆ ಆ ಎಚ್ಚರವಿರುವುದಿಲ್ಲ. ಆಗ ಹೊರಳಿಸಲು ಇನ್ನೊಬ್ಬರ ಕೈ ಬೇಕು. 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಂತೆ, ಒಂಟಿಯಾಗಿ ವಾಸಿಸುವ ರೋಗಿಗಳಲ್ಲಿ ಈ ಮರಣದ ಸಂಭವ ಸುಮಾರು 5 ಪಟ್ಟು ಹೆಚ್ಚು. ಭಾರಿ ಸೆಳೆತದ ಮೂರ್ಛೆ ಬರುತ್ತಿದ್ದವರಲ್ಲಿ 27 ಪಟ್ಟು ಹೆಚ್ಚು.

ಈ ದೃಷ್ಟಿಯಿಂದ ನೋಡಿದರೆ, ಬೇಸಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಸಾಲಾಗಿ ಮಲಗುವ ಆ ಭಾಗದ ರೂಢಿ ಮಗುವಿಗೆ ರಕ್ಷಣೆಯೇ ಆಗಿದೆ. ಅಪಾಯವಿರುವುದು ಅನ್ಯತ್ರ. ದುಡಿಮೆಗಾಗಿ ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬದಲ್ಲಿ ಮಗುವಿನ ಗುಳಿಗೆ ತಪ್ಪುತ್ತದೆ. ಗುಳಿಗೆ ತಪ್ಪಿದರೆ ಸೆಳೆತ ಮರಳುತ್ತದೆ. ವಿದ್ಯಾರ್ಥಿನಿಲಯಕ್ಕೆ ಬಂದ ಬಾಲಕ ತನ್ನ ರೋಗವನ್ನು ಯಾರಿಗೂ ಹೇಳದಿದ್ದರೆ, ಕೋಣೆಯ ತುಂಬ ಜನರಿದ್ದರೂ ಅವನು ಒಂಟಿಯೇ. ಬೆಂಗಳೂರಿನ ನಗರ ಮತ್ತು ಗ್ರಾಮಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಈ ರೋಗ ನಗರದವರಲ್ಲಿ ಸಾವಿರಕ್ಕೆ ಸುಮಾರು 6 ಮಂದಿಗೂ ಹಳ್ಳಿಯವರಲ್ಲಿ ಸುಮಾರು 12 ಮಂದಿಗೂ ಇತ್ತು. ನೂರಾರು ಮಕ್ಕಳಿರುವ ಶಾಲೆಯಲ್ಲಿ ಇಂಥವರು ಒಬ್ಬಿಬ್ಬರಾದರೂ ಇರುವುದು ಸಂಭವನೀಯವೆಂದಾಯಿತು.

ಅವರು ಬಾಯಿ ಬಿಡದಿರುವುದಕ್ಕೆ ಲಜ್ಜೆಯೇ ಕಾರಣ. ಮದುವೆಗೆ ಅಡ್ಡಿಯಾದೀತೆಂದು ಹೆತ್ತವರು ಮುಚ್ಚಿಡುತ್ತಾರೆ. ಮೂರ್ಛೆರೋಗವು ಹಿಂದೂ ವಿವಾಹ ಕಾನೂನಿನ ಅಡ್ಡಿಗಳ ಪಟ್ಟಿಯಿಂದ 1999ರಲ್ಲಿಯೇ ಹೊರಬಿದ್ದರೂ ಜನರ ಮನಸ್ಸಿನಿಂದ ಹೊರಬಿದ್ದಿಲ್ಲ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು ಇನ್ನೂ ನಡೆದಿದೆ. ಇವುಗಳಿಂದ ಉಸಿರಿನ ದಾರಿ ತೆರೆಯುವುದಿಲ್ಲ. ಮಗುವನ್ನು ಮಗ್ಗುಲಿಗೆ ಹೊರಳಿಸಬೇಕು; ಬಾಯಿಗೆ ಏನನ್ನೂ ತುರುಕಬಾರದು; ಎಚ್ಚರವಾಗುವವರೆಗೆ ಬಳಿಯಲ್ಲಿರಬೇಕು; ಸೆಳೆತ 5 ನಿಮಿಷ ಮೀರಿದರೆ ಅಥವಾ ಉಸಿರಾಟ ಸರಿಹೋಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರನ್ನು ಕೇಳದೆ ಗುಳಿಗೆಯನ್ನು ನಿಲ್ಲಿಸಬಾರದು.

ತಾಲೂಕು ಆಸ್ಪತ್ರೆಗಳಲ್ಲಿ ಈ ಗುಳಿಗೆಗಳು ಒಂದು ದಿನವೂ ತೀರದಂತೆ ನೋಡಿಕೊಳ್ಳುವುದೂ, ಗುಳೆ ಹೊರಟವರಿಗೆ ಹಲವು ತಿಂಗಳಿಗೆ ಸಾಲುವಷ್ಟು ಕೊಟ್ಟು ಕಳುಹಿಸುವುದೂ ಸರ್ಕಾರದ ಕರ್ತವ್ಯ. ವಿದ್ಯಾರ್ಥಿನಿಲಯದ ಮೇಲ್ವಿಚಾರಕರಿಗೆ ಈ ಶುಶ್ರೂಷೆಯನ್ನು ಕಲಿಸುವುದು ಒಂದು ಗಂಟೆಯ ಕೆಲಸ. ಆದರೆ ರೋಗವನ್ನು ಬಾಯಿಬಿಟ್ಟು ಹೇಳಿಕೊಳ್ಳಬಲ್ಲ ವಾತಾವರಣವನ್ನು ಯಾವ ಇಲಾಖೆಯೂ ನಿರ್ಮಿಸಲಾರದು. ಅದು ವಿದ್ಯಾರ್ಥಿಗಳ ಕೈಯಲ್ಲಿದೆ. ಸಹಪಾಠಿಯ ಮೂರ್ಛೆಯನ್ನು ನೋಡಿ ನಗದಿರುವವರೂ, ಪಕ್ಕದಲ್ಲಿ ಹಾಸಿಗೆ ಹಾಸಿಕೊಳ್ಳಲು ಹೇಸದವರೂ ಅವನ ಪರಿಸರವನ್ನು ಆಗಲೇ ಸುಧಾರಿಸಿದಂತಾಯಿತು.