ಕರೆಂಟ್ ಅಲ್ಲ ಅಕ್ಕ, ಚುಕ್ಕಿ ರಂಗೋಲಿ

ಹೋದ ಶ್ರಾವಣದಲ್ಲಿ ಮೈಸೂರಿನಿಂದ ಅಕ್ಕನ ಫೋನು. ಅವಳ ಏಳು ವರ್ಷದ ಮೊಮ್ಮಗನ ಮೆದುಳಿನಲ್ಲಿದ್ದ ಗಡ್ಡೆಗೆ ಆಪರೇಷನ್ ಆಗಿತ್ತು. "ಪೂರ್ತಿ ತೆಗೆಯೋಕೆ ಆಗ್ಲಿಲ್ವಂತೆ ಕಣೇ. ಇನ್ನು ಕರೆಂಟ್ ಕೊಡ್ಬೇಕಂತೆ. ಪ್ರೋಟಾನ್ ಒಳ್ಳೇದು ಅಂತಿದ್ದಾರೆ. ನೀನು ಫಿಸಿಕ್ಸ್ ಮೇಡಂ ಅಲ್ವಾ, ಮಗು ತಡ್ಕೊಳುತ್ತಾ ಹೇಳು" ಅಂದಳು.

ವರ್ಷಗಟ್ಟಲೆ ಪಿಯುಸಿ ಮಕ್ಕಳಿಗೆ ಪ್ರೋಟಾನ್ ಪಾಠ ಮಾಡಿದ್ದೇನೆ. ಆದರೆ ಮನೆಯ ಮಗುವಿನ ತಲೆಯೊಳಗೆ ಅದು ಏನು ಮಾಡುತ್ತೆ ಅಂತ ಯಾರೂ ಕೇಳಿರಲಿಲ್ಲ. ಓದಿ, ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಜೊತೆಯೂ ಹಂಚಿಕೊಳ್ಳುತ್ತೇನೆ.

ಮಾಮೂಲಿ ರೇಡಿಯೇಶನ್‌ನ ಎಕ್ಸ್-ರೇ ಗಡ್ಡೆಯನ್ನು ದಾಟಿ ಆ ಕಡೆಯಿಂದ ಹೊರಗೆ ಹೋಗುತ್ತದೆ. ದಾರಿಯುದ್ದಕ್ಕೂ ಇರುವ ಒಳ್ಳೆಯ ಜೀವಕೋಶಗಳಿಗೂ ಪೆಟ್ಟು ಬೀಳುತ್ತದೆ. ಪ್ರೋಟಾನ್ ಹಾಗಲ್ಲ. ಕೊಟ್ಟ ಶಕ್ತಿಗೆ ತಕ್ಕಷ್ಟು ಆಳಕ್ಕೆ ಇಳಿದು, ನಿಲ್ಲುವ ಜಾಗದಲ್ಲಿ ದೊಡ್ಡ ಪಾಲನ್ನು ಸುರಿದುಬಿಡುತ್ತದೆ. ಅದರಾಚೆಗೆ ಬಹುಪಾಲು ಏನೂ ಇಲ್ಲ. ಇದನ್ನು ಚಿಕಿತ್ಸೆಗೆ ಬಳಸಬಹುದು ಅಂತ ಅಮೆರಿಕದ ವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲೇ ಬರೆದಿದ್ದರು. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಕೊಟ್ಟರು.

ಆದರೆ ಪ್ರೋಟಾನ್ ಅಂದಮೇಲೆ ಎಲ್ಲಾ ಒಂದೇ ಅಲ್ಲ, ಕೊಡುವ ವಿಧಾನದಲ್ಲೂ ವ್ಯತ್ಯಾಸ ಇದೆ. ಅಕ್ಕನಿಗೆ ನಾನು ರಂಗೋಲಿ ಲೆಕ್ಕದಲ್ಲಿ ಹೇಳಿದೆ. ಹಳೆಯ ವಿಧಾನ ಅಚ್ಚಿನ ರಂಗೋಲಿ ಇದ್ದ ಹಾಗೆ. ಕಿರಣವನ್ನು ಅಗಲಕ್ಕೆ ಚದುರಿಸಿ, ಗಡ್ಡೆಯ ಆಕಾರಕ್ಕೆ ಕತ್ತರಿಸಿದ ಹಿತ್ತಾಳೆ ಅಚ್ಚಿನ ಮೂಲಕ ಬಿಡುತ್ತಾರೆ. ಗಡ್ಡೆಯ ಹಿಂದಿನ ಅಂಚಿಗೆ ಸರಿಯಾಗಿ ಕೂರುತ್ತದೆ, ಮುಂದಿನ ಅಂಚಿನಲ್ಲಿ ಒಂದಷ್ಟು ಒಳ್ಳೆಯ ಭಾಗಕ್ಕೂ ಚೆಲ್ಲುತ್ತದೆ. ಅಚ್ಚಿಗೆ ತಾಗಿದ ಪ್ರೋಟಾನುಗಳಿಂದ ನ್ಯೂಟ್ರಾನುಗಳೂ ಹುಟ್ಟುತ್ತವೆ. ಹೊಸ ವಿಧಾನ ಚುಕ್ಕಿ ರಂಗೋಲಿ. ಪೆನ್ಸಿಲ್ ತುದಿಯಷ್ಟು ಸಣ್ಣ ಕಿರಣವನ್ನು ಆಯಸ್ಕಾಂತದಿಂದ ಅತ್ತಿತ್ತ ತಿರುಗಿಸಿ, ಪದರ ಪದರವಾಗಿ ಚುಕ್ಕಿ ಇಡುತ್ತಾ ಗಡ್ಡೆಯನ್ನು ತುಂಬುತ್ತಾರೆ.

"ಚುಕ್ಕಿ ತಪ್ಪಿದ್ರೆ?" ಅಂದಳು ಅಕ್ಕ. ಎಷ್ಟಾದರೂ ರಂಗೋಲಿ ಹಾಕೋ ಕೈ! ಆ ಭಯ ಸುಳ್ಳಲ್ಲ. ಉಸಿರಾಟಕ್ಕೆ ಅಲುಗಾಡುವ ಶ್ವಾಸಕೋಶದಂಥ ಕಡೆ ಚುಕ್ಕಿಗಳು ಹೆಚ್ಚು-ಕಡಿಮೆ ಆಗಬಹುದು, ಅದಕ್ಕೆ ಬೇರೆ ಎಚ್ಚರ ಬೇಕು. ತಲೆ ಅಲುಗದ ಹಾಗೆ ಹಿಡಿಯಬಹುದು, ಮುಖಕ್ಕೆ ಬಲೆಯಂಥ ಮುಖವಾಡ ಹಾಕುತ್ತಾರೆ.

ಜೀವಕೋಶದೊಳಗೆ ಆಗೋದೇನು? ಪ್ರೋಟಾನ್ ಹಾದುಹೋದಾಗ ಡಿಎನ್‌ಎ ಎಳೆಗಳು ತುಂಡಾಗುತ್ತವೆ. ಒಳ್ಳೆಯ ಕೋಶ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ರಿಪೇರಿ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಅದು ಅಷ್ಟು ಚೆನ್ನಾಗಿ ಬರಲ್ಲ. ಅದಕ್ಕೇ ಒಂದೇ ಸಲ ಕೊಡದೆ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಕೊಡೋದು. ಲೆಕ್ಕ ಹಾಕುವಾಗ ಪ್ರೋಟಾನ್ ಪೆಟ್ಟನ್ನು ಎಕ್ಸ್-ರೇಗಿಂತ 1.1 ಪಟ್ಟು ಅಂತ ಹಿಡಿಯುತ್ತಾರೆ. ಆದರೆ ಓಟದ ಕೊನೆಯಲ್ಲಿ, ನಿಧಾನವಾಗಿ ನಿಲ್ಲುವಾಗ, ಪೆಟ್ಟು ಅದಕ್ಕಿಂತ ಜೋರು. ತುಂಡುಗಳು ಹತ್ತಿರ ಹತ್ತಿರ ಆಗುವುದರಿಂದ ರಿಪೇರಿಯೂ ಕಷ್ಟ. ಹಾಗಾಗಿ ಆ ಕೊನೆ ಮೆದುಳಿನ ಕಾಂಡದ ಮೇಲೆ ಬೀಳದಂತೆ ಡಾಕ್ಟರು ಕೋನ ಹುಡುಕುತ್ತಾರೆ.

ಬೆಳೆಯುವ ಮೆದುಳು ಆದ್ದರಿಂದ ನಮ್ಮ ಪುಟ್ಟನಿಗೆ ಪ್ರೋಟಾನ್ ಅಂತಲೇ ತೀರ್ಮಾನವಾಯಿತು. ನಮ್ಮ ದೇಶದಲ್ಲಿ ಈ ಚಿಕಿತ್ಸೆ 2019ರಲ್ಲಿ ಚೆನ್ನೈನ ಅಪೋಲೋದಲ್ಲಿ ಶುರುವಾಯಿತು. ಈಗ ನವಿ ಮುಂಬಯಿಯ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರ ಕೇಂದ್ರದಲ್ಲೂ ಇದೆ. ಅಕ್ಕ ಚೆನ್ನೈನಲ್ಲಿ ಆರು ವಾರ ಬಾಡಿಗೆ ಮನೆಯಲ್ಲಿ ಅಡುಗೆ ಮಾಡಿಕೊಂಡು ಇದ್ದಳು. ಕಿರಣ ಒಳಗೆ ಹೋದ ಕಡೆ ಪುಟ್ಟನ ಕೂದಲು ಉದುರಿತು, ಸುಸ್ತೂ ಆಯಿತು. ಪ್ರೋಟಾನ್ ಅಂದರೆ ಏನೂ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಮಾತು. ಇದರ ಖರ್ಚು ಲಕ್ಷಗಳಲ್ಲಿ. ಎಷ್ಟೋ ಕ್ಯಾನ್ಸರಿಗೆ ಎಕ್ಸ್-ರೇಯೇ ಸಾಕು. ಸೈಟು ಮಾರುವ ಮುಂಚೆ ಡಾಕ್ಟರನ್ನು ಕೇಳಿ: ನಮ್ಮ ಈ ಗಡ್ಡೆಗೆ ಪ್ರೋಟಾನಿನಿಂದ ಯಾವ ಒಳ್ಳೆಯ ಭಾಗ ಉಳಿಯುತ್ತೆ? ಎರಡೂ ಪ್ಲಾನ್ ಪಕ್ಕಪಕ್ಕ ತೋರಿಸ್ತೀರಾ?

ಪುಟ್ಟ ಈಗ ಮತ್ತೆ ಸ್ಕೂಲಿಗೆ ಹೋಗ್ತಿದ್ದಾನೆ. ಮುಂದಿನ ಸ್ಕ್ಯಾನ್ ಯುಗಾದಿ ಆದ ಮೇಲೆ. ಅಲ್ಲಿವರೆಗೂ ಅಕ್ಕನ ಫೋನ್ ಬಂದಾಗಲೆಲ್ಲ ನನ್ನ ಎದೆ ಒಂದು ಸಲ ಧಸಕ್ ಅನ್ನುತ್ತೆ.