ಬೀಗವೊಂದೇ ಸಾಲದು

ಊಟಕ್ಕೆ ಕರೆದರೆ ‘ಇದೊಂದು ಆಟ ಮುಗಿಸಿ ಬಂದೆ’ ಎಂಬ ಉತ್ತರ. ಅರ್ಧ ಗಂಟೆ ಕಳೆದರೂ ಮಗ ಕಂಪ್ಯೂಟರ್ ಬಿಟ್ಟು ಏಳುವುದಿಲ್ಲ. ಸಿಟ್ಟಿಗೆದ್ದ ಅಪ್ಪ ಸ್ವಿಚ್ ಆರಿಸುತ್ತಾರೆ. ಮಗ ಉಣ್ಣದೆ ಮಲಗುತ್ತಾನೆ. ಮರುದಿನ ಮತ್ತೆ ಅದೇ ಕಥೆ. ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದು ಪರಿಚಿತ ದೃಶ್ಯ.

ಮಿತಿ ಬೇಕು, ನಿಜ. ಆದರೆ ಬೀಗ ಹಾಕಿದರೆ ಸಾಕೇ? ದಕ್ಷಿಣ ಕೊರಿಯಾ 2011ರಲ್ಲಿ, 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟ ಆಡದಂತೆ ಕಾನೂನು ತಂದಿತು. ಕೆಲವು ಮಕ್ಕಳು ತಂದೆತಾಯಿಯ ಗುರುತಿನ ಸಂಖ್ಯೆ ಕೊಟ್ಟು ಒಳನುಗ್ಗಿದರು. ಕ್ರಮೇಣ ಆಟವೂ ಮೊಬೈಲಿಗೆ ಜಾರಿತು. 2022ರ ಜನವರಿಯಲ್ಲಿ ಆ ಕಾನೂನೇ ರದ್ದಾಯಿತು. ಸರ್ಕಾರದ ಬೀಗವನ್ನೇ ತೆರೆದ ಮಕ್ಕಳಿಗೆ ಅಪ್ಪನ ಪಾಸ್‌ವರ್ಡ್ ಯಾವ ಲೆಕ್ಕ?

ಪಾಲಕರು ಒಂದು ಸಂಗತಿ ತಿಳಿದಿರಬೇಕು. ಹಲವರು ಸೇರಿ ಆಡುವ ಆನ್‌ಲೈನ್ ಆಟವನ್ನು ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಒಬ್ಬ ಎದ್ದರೆ ಇಡೀ ತಂಡಕ್ಕೆ ಪೆಟ್ಟು, ಆಮೇಲೆ ಗೆಳೆಯರ ಬೈಗುಳ. ಆದ್ದರಿಂದ ‘ಈಗಲೇ ಏಳು’ ಎಂದು ಗದರುವುದಕ್ಕಿಂತ, ಕೂರುವ ಮೊದಲೇ ಏಳುವ ಹೊತ್ತನ್ನು ಗೊತ್ತುಮಾಡುವುದು ಮೇಲು. ಕಾಲು ಗಂಟೆ ಮುಂಚೆ ನೆನಪಿಸಿದರೆ ಹೊಸ ಆಟ ಶುರುವಾಗುವುದಿಲ್ಲ.

ಕಂಪ್ಯೂಟರ್ ಕೋಣೆಯೊಳಗಿರದೆ ನಡುಮನೆಯಲ್ಲಿರಲಿ. ಮಕ್ಕಳಿಗೆ ಪ್ರತ್ಯೇಕ ಖಾತೆ ಇದ್ದರೆ, ದಿನಕ್ಕೆ ಇಷ್ಟೇ ಹೊತ್ತು ಎಂದು ಮಿತಿ ಹಾಕುವ ಸೌಲಭ್ಯ ವಿಂಡೋಸ್‌ನಲ್ಲಿ ಇದೆ. ಪಾಠದ ಸಮಯ ಬೇರೆ, ಮನರಂಜನೆಯ ಸಮಯ ಬೇರೆ. ಮಕ್ಕಳೊಂದಿಗೆ ಕೂತು ಅವಧಿ ನಿಗದಿಮಾಡಿ, ಬರೆದು ಗೋಡೆಗೆ ಅಂಟಿಸಬೇಕು. ಪರೀಕ್ಷೆಗೆ, ರಜೆಗೆ ತಕ್ಕಂತೆ ಅದು ಬದಲಾಗಲಿ. ಊಟದ ಹೊತ್ತಿಗೆ ಅಪ್ಪನ ಮೊಬೈಲೂ ಅಮ್ಮನ ಧಾರಾವಾಹಿಯೂ ಬಂದ್ ಆಗಬೇಕು. ದೊಡ್ಡವರಿಗಿಲ್ಲದ ನಿಯಮ ಮಕ್ಕಳಿಗೆ ಶಿಕ್ಷೆಯಾಗಿ ಕಾಣುತ್ತದೆ.

ಹೆಚ್ಚು ಆಡುವುದೆಲ್ಲ ಕಾಯಿಲೆಯಲ್ಲ. ಹಿಡಿತ ತಪ್ಪಿ, ಓದು, ಊಟ, ಗೆಳೆತನ ಕೆಟ್ಟರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ ವರ್ಷದುದ್ದಕ್ಕೂ ಮುಂದುವರಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಎಂದು ಗುರುತಿಸಿದೆ. ಹಾಗೆಂದು ವರ್ಷವಿಡೀ ಕಾಯಬೇಕಿಲ್ಲ. ನಿದ್ದೆಗೆಟ್ಟು ಶಾಲೆ ತಪ್ಪುವಂತಾದರೆ ತಜ್ಞರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ ‘ಶಟ್’ ಎಂಬ ಕ್ಲಿನಿಕ್ ಆರಂಭಿಸಿತು.

ವಿದ್ಯಾರ್ಥಿಗಳಿಗೂ ಒಂದು ಮಾತು. ಒಪ್ಪಿದ ಹೊತ್ತಿಗೆ ತಾನಾಗಿ ಎದ್ದು ಸ್ವಿಚ್ ಆರಿಸುವ ಹುಡುಗನ ಮನೆಯಲ್ಲಿ ಬೀಗದ ಮಾತೇ ಬರುವುದಿಲ್ಲ.